ಯಂತ್ರ ಬೆಂಗಳೂರಿನಲ್ಲಿ, ಸರದಿ ನಗರದಲ್ಲಿ

ಸರ್ಕಾರದ ಗಣಕ ವ್ಯವಹಾರವನ್ನೆಲ್ಲ ಒಂದೇ ಸೂರಿನ ಕೆಳಗೆ ತರಬೇಕು. ಇಲಾಖೆಗೊಂದು ತಂತ್ರಾಂಶ, ಇಲಾಖೆಗೊಂದು ಟೆಂಡರು, ಇಲಾಖೆಗೊಬ್ಬ ಗುತ್ತಿಗೆದಾರ ಎಂಬ ದುಂದು ನಿಲ್ಲಬೇಕು ಎಂದು ವಾದಿಸುವವರು ನಮ್ಮಲ್ಲಿ ಬಹಳ ಮಂದಿ. ಅವರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಒಬ್ಬನೇ ಮನುಷ್ಯನನ್ನು ಪಹಣಿಯಲ್ಲಿ ದ್ಯಾವಪ್ಪನೆಂದೂ ಪಡಿತರ ಚೀಟಿಯಲ್ಲಿ ದೇವಪ್ಪನೆಂದೂ ಆಧಾರಿನಲ್ಲಿ ದೇವಪ್ಪ ಗೌಡನೆಂದೂ ಬರೆದಿಟ್ಟು, ಆಮೇಲೆ ಈ ಮೂವರೂ ಒಬ್ಬನೇ ಎಂಬುದಕ್ಕೆ ಪ್ರಮಾಣಪತ್ರ ತಾ ಎಂದು ಅವನನ್ನೇ ಅಲೆಸುವ ಸರ್ಕಾರಕ್ಕೆ ಒಂದಿಷ್ಟು ಏಕಸೂತ್ರತೆ ಬಂದರೆ ಬೇಡವೆನ್ನುವವರು ಯಾರು? ನನ್ನ ತಕರಾರು ಬೇರೆ. ಕೇಂದ್ರೀಕರಣದ ಮಂತ್ರವನ್ನು ಜಪಿಸುವವರು ಅದರ ಅರ್ಧವನ್ನಷ್ಟೇ ಹೇಳುತ್ತಿದ್ದಾರೆ. ಯಂತ್ರವನ್ನು ಬೆಂಗಳೂರಿಗೆ ಒಯ್ದರು, ಸರಿ. ಹೊಣೆಯನ್ನು ಎಲ್ಲಿಗೆ ಒಯ್ದರು?

ಪೇಟೆಯ ಓದುಗರಿಗೆ ಈ ಪ್ರಶ್ನೆ ಸ್ಪಷ್ಟವಾಗಬೇಕಾದರೆ ಹೊಸನಗರ ತಾಲ್ಲೂಕಿನ ನಗರ ಹೋಬಳಿಯ ಕಡೆಗೊಮ್ಮೆ ಬರಬೇಕು. ಹೆಸರು ನಗರ, ಒಂದು ಕಾಲಕ್ಕೆ ಬಿದನೂರೆಂಬ ರಾಜಧಾನಿ. ಈಗ ಒಂದು ಕೋಟೆ, ಒಂದು ಪೇಟೆಬೀದಿ, ಒಂದು ನಾಡಕಚೇರಿ. ತಾಲ್ಲೂಕಿನ ಕಚೇರಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಕಲ್ಲೂರುಕಟ್ಟೆಗೆ ಹೋಯಿತು; ಆ ಊರೇ ಹೊಸನಗರವೆನಿಸಿಕೊಂಡಿತು. ಕಚೇರಿಗಳು ತನ್ನನ್ನು ಬಿಟ್ಟು ಹೋಗುವುದು ಈ ಊರಿಗೆ ಹೊಸ ಅನುಭವವೇನಲ್ಲ. ಆದರೆ ಅಂದು ಹೋದ ಕಚೇರಿಯನ್ನು ಬೆನ್ನಟ್ಟಿ ಒಬ್ಬ ರೈತ ಬುತ್ತಿ ಕಟ್ಟಿಕೊಂಡು ಹೊರಟರೆ ಸಂಜೆಯೊಳಗೆ ಮುಟ್ಟಬಹುದಾಗಿದ್ದಿತು. ಇಂದು ಹೋಗಿರುವುದು ಮುನ್ನೂರು ಕಿಲೋಮೀಟರಿಗೂ ಆಚೆಗೆ. ಅದೂ ಬಾಗಿಲಿಲ್ಲದ ಕಚೇರಿಗೆ.

ಆಷಾಢದ ಮಳೆ ಹಿಡಿಯಿತೆಂದರೆ ಈ ಘಟ್ಟದ ಅಂಚಿನಲ್ಲಿ ಮರ ಬೀಳುವುದು. ಮರ ಬಿದ್ದರೆ ತಂತಿ ಹರಿಯುವುದು. ತಂತಿ ಹರಿದರೆ ಕರೆಂಟು ಹೋಗುವುದು. ಕರೆಂಟು ಹೋದ ಮೇಲೆ ಟವರು ಮಲಗುವುದು. ಅದೇ ಆಷಾಢದಲ್ಲಿಯೇ ಕಾಲೇಜುಗಳ ಪ್ರವೇಶವೂ ಬರುವುದು. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರಿಲ್ಲದೆ ವಿದ್ಯಾರ್ಥಿವೇತನದ ಅರ್ಜಿ ಮುಂದಕ್ಕೆ ಹೋಗದು. ಕೊಡೆ ಹಿಡಿದು ಬಂದ ಹುಡುಗಿಗೆ ಕಿಟಕಿಯೊಳಗಿನಿಂದ ಸಿಗುವ ಉತ್ತರ ‘ಸರ್ವರ್ ಇಲ್ಲ, ನಾಳೆ ಬಾರಮ್ಮ’ ಎಂಬುದು. ಹಾಗೆ ಹೇಳಿದವನನ್ನು ಬೈದು ಪ್ರಯೋಜನವಿಲ್ಲ. ಆ ಪಾಪದವನ ಕೈಯಲ್ಲಿ ಏನೂ ಇಲ್ಲ. ಏನೂ ಇಲ್ಲದ ಹಾಗೆ ಮಾಡಿದ್ದೇ ಇಂದಿನ ವ್ಯವಸ್ಥೆಯ ಹೆಚ್ಚುಗಾರಿಕೆ. ನಾಲ್ಕು ದಿನ ಪಾಠ ತಪ್ಪಿಸಿಕೊಂಡು ನಾಡಕಚೇರಿಗೆ ಅಲೆದ ಮಕ್ಕಳಿಗೆ ಹಾಜರಿ ಕೊಡಬೇಕೇ ಬೇಡವೇ ಎಂಬುದು ನಮ್ಮಂಥ ಮೇಷ್ಟರುಗಳಿಗೆ ಪ್ರತಿವರ್ಷದ ಧರ್ಮಸಂಕಟ.

ಹಾಗಾದರೆ ಹಳೆಯ ಕೈಬರಹದ ಪಹಣಿಯೇ ಲೇಸೆ? ಖಂಡಿತ ಅಲ್ಲ. ೨೦೦೦ದ ಸುಮಾರಿಗೆ ‘ಭೂಮಿ’ ಯೋಜನೆ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿ, ಹದಿನೈದು ರೂಪಾಯಿಗೆ ಯಾರು ಬೇಕಾದರೂ ನಕಲು ಪಡೆಯಬಹುದೆಂದು ಮಾಡಿದಾಗ, ಗ್ರಾಮಲೆಕ್ಕಿಗರ ಚೀಲದೊಳಗೆ ಸೆರೆಯಾಗಿದ್ದ ರೈತನ ಹಕ್ಕು ಹೊರಗೆ ಬಂದಿತು. ಅದನ್ನು ಮರೆತು ಹಿಂದಿನ ಕಾಲವನ್ನು ಹೊಗಳುವ ಹಿರಿಯರು, ಹಿಂದೆ ಕೈ ಬೆಚ್ಚಗೆ ಮಾಡದೆ ಖಾತೆ ಆಗುತ್ತಿತ್ತೆ ಎಂದು ಮನಸ್ಸನ್ನೇ ಕೇಳಿಕೊಳ್ಳಲಿ. ಆದರೆ ಒಂದು ಅಂಶವನ್ನು ಗಮನಿಸಬೇಕು. ಮೊದಲಿಗೆ ಆ ದಾಖಲೆ ತಾಲ್ಲೂಕು ಕಚೇರಿಯ ಯಂತ್ರದಲ್ಲಿಯೇ ಇದ್ದಿತು. ಮುಂದೆ ಅದನ್ನು ರಾಜಧಾನಿಯ ದತ್ತಾಂಶ ಕೇಂದ್ರಕ್ಕೆ ಒಯ್ದರು. ಭದ್ರತೆಯ ದೃಷ್ಟಿಯಿಂದ ಅದು ಸರಿಯೇ ಇರಬಹುದು. ಆದರೆ ದಾಖಲೆಯಲ್ಲಿ ತಪ್ಪು ನುಸುಳಿದರೆ, ತಂತಿ ಕಡಿದರೆ ಇಲ್ಲಿ ಏನಾಗಬೇಕೆಂಬುದಕ್ಕೆ ಒಂದು ಏರ್ಪಾಡನ್ನು ಅದರ ಜೊತೆಯಲ್ಲಿಯೇ ಮಾಡಬೇಕಾಗಿದ್ದಿತು. ಅದು ಆಗಲಿಲ್ಲ.

ಯಂತ್ರಕ್ಕೆ ಗೊತ್ತಿರುವುದು ಅದಕ್ಕೆ ಉಣಿಸಿದ್ದಷ್ಟೆ. ಲಿಂಗನಮಕ್ಕಿಯ ಅಣೆಕಟ್ಟು ೧೯೬೪ರಲ್ಲಿ ಮುಗಿದು ಶರಾವತಿಯ ನೀರು ನಿಂತಾಗ ಮುಳುಗಿದ ಊರುಗಳವರನ್ನು ತಂದು ಕಾಡಿನಲ್ಲಿ ಇಳಿಸಿದರು. ಅವರಲ್ಲಿ ಅನೇಕರು ಇಂದಿಗೂ ತಾವು ಉಳುವ ನೆಲಕ್ಕೆ ಹಕ್ಕುಪತ್ರ ಕಾಣರು. ಗಣಕವನ್ನು ಕೇಳಿದರೆ ಆ ನೆಲ ಅರಣ್ಯ. ಅಲ್ಲಿ ಮೂರು ತಲೆಮಾರಿನಿಂದ ಇರುವ ಮನೆ, ಅಡಿಕೆ ತೋಟ, ದೇವರ ಬನ ಯಾವುದೂ ಅದರ ಕಣ್ಣಿಗೆ ಬೀಳದು. ಇಂಥ ದಾಖಲೆಯನ್ನು ಇನ್ನಷ್ಟು ಎತ್ತರದ ಕಪಾಟಿನಲ್ಲಿಟ್ಟು ಬೀಗ ಹಾಕಿದರೆ ಅದು ಹೆಚ್ಚು ಸತ್ಯವಾಗುವುದೆ? ಇಂಗ್ಲೆಂಡಿನ ಅಂಚೆ ಸಂಸ್ಥೆಯ ಉದಾಹರಣೆ ಇತ್ತೀಚಿನದು. ಅಲ್ಲಿ ೧೯೯೯ರಿಂದ ಹೊರೈಜನ್ ಎಂಬ ಲೆಕ್ಕದ ತಂತ್ರಾಂಶವನ್ನು ಹಳ್ಳಿಹಳ್ಳಿಯ ಅಂಚೆಮನೆಗೂ ಜೋಡಿಸಿದರು. ಯಂತ್ರ ಹಣ ಕಡಿಮೆಯಿದೆ ಎಂದಿತು. ಅಂಚೆಯವರು ನಾವು ಕದ್ದಿಲ್ಲ ಎಂದರು. ನ್ಯಾಯಾಲಯ ಯಂತ್ರವನ್ನು ನಂಬಿತು. ೨೦೧೫ರವರೆಗೆ ಒಂಬೈನೂರಕ್ಕೂ ಹೆಚ್ಚು ಜನ ಅಪರಾಧಿಗಳೆನಿಸಿದರು; ಆ ತೀರ್ಪುಗಳನ್ನು ತೊಡೆದುಹಾಕಲು ೨೦೨೪ರಲ್ಲಿ ಪಾರ್ಲಿಮೆಂಟು ವಿಶೇಷ ಕಾನೂನನ್ನೇ ಮಾಡಬೇಕಾಯಿತು.

ನಮ್ಮ ಬಿದನೂರಿನ ಶಿವಪ್ಪನಾಯಕನೂ ಕೇಂದ್ರೀಕರಣ ಮಾಡಿದವನೇ. ಹದಿನೇಳನೆಯ ಶತಮಾನದ ನಡುವಿನಲ್ಲಿ ಅವನು ಗೊತ್ತುಮಾಡಿದ ಕಂದಾಯದ ಕ್ರಮಕ್ಕೆ ‘ಶಿಸ್ತು’ ಎಂದೇ ಹೆಸರು. ಆದರೆ ಅರಮನೆಯಲ್ಲಿ ಕುಳಿತು ಅವನು ಅದನ್ನು ಬರೆಸಲಿಲ್ಲ. ಗ್ರಾಮ ಗ್ರಾಮದಲ್ಲಿ ಒಂದೊಂದು ಹೊಲವನ್ನು ತನ್ನ ಲೆಕ್ಕದಲ್ಲಿಯೇ ಸಾಗುವಳಿ ಮಾಡಿಸಿ, ಬಿತ್ತಿದ ಬೀಜವೆಷ್ಟು, ತಗುಲಿದ ಖರ್ಚೆಷ್ಟು, ಬಂದ ಫಸಲೆಷ್ಟು ಎಂದು ಹನ್ನೆರಡು ವರ್ಷ ಲೆಕ್ಕವಿಡಿಸಿ, ಸರಾಸರಿ ತೆಗೆದು, ಆಮೇಲೆ ಕಂದಾಯ ಕಟ್ಟಿದನೆಂದು ಮೈಸೂರು ಗೆಜೆಟಿಯರು ಹೇಳುತ್ತದೆ. ಈಗಿನ ನಮ್ಮ ತಂತ್ರಾಂಶಗಳನ್ನು ಬರೆಯುವವರು ಹನ್ನೆರಡು ವರ್ಷ ಬೇಡ, ಒಂದು ಮಳೆಗಾಲದಲ್ಲಿ ಹನ್ನೆರಡು ದಿನ ನಗರದ ಕಿಟಕಿಯೆದುರು ನಿಂತಿದ್ದರೆ ಸಾಕಾಗಿತ್ತು.

ಎಲ್ಲ ಒಂದೇ ಕಡೆ ಇದ್ದರೆ ಕಳ್ಳನಿಗೂ ಒಂದೇ ಕಡೆ ಸಿಗುವುದೆಂಬುದನ್ನು ನಾವು ಆಗಲೇ ಕಂಡಿದ್ದೇವೆ. ರಾಜ್ಯದ ಇ-ಸಂಗ್ರಹಣೆಯ ಖಾತೆಯಲ್ಲಿ ಗುತ್ತಿಗೆದಾರರು ಇಟ್ಟಿದ್ದ ಠೇವಣಿಯ ಹಣದಲ್ಲಿ ೨೦೧೯ರಲ್ಲಿ ಹನ್ನೊಂದು ಕೋಟಿಗೂ ಮೀರಿದ ಮೊತ್ತ ಕನ್ನ ಹಾಕಿದವರ ಪಾಲಾಯಿತು. ೨೦೨೫ರ ಆರಂಭದಲ್ಲಿ ನೋಂದಣಿಯ ‘ಕಾವೇರಿ’ ತಂತ್ರಾಂಶದ ಮೇಲೆ ದಾಳಿ ನಡೆದಾಗ ಒಂದೂರಿನ ಉಪನೋಂದಣಿ ಕಚೇರಿಯಲ್ಲ, ರಾಜ್ಯದ ಉದ್ದಗಲದ ಕಚೇರಿಗಳೆಲ್ಲ ತತ್ತರಿಸಿದವು. ಮದುವೆಗೆಂದು ಜಮೀನು ಮಾರಿ ಮುಹೂರ್ತ ಹತ್ತಿರ ಬಂದವರ ಗತಿ ಏನಾಗಿರಬೇಕು! ಇದಕ್ಕೆ ಪರಿಹಾರ ಮತ್ತೆ ಚೂರುಚೂರು ಮಾಡುವುದಲ್ಲ. ಒಂದು ಬಿದ್ದರೆ ಇನ್ನೊಂದು ನಿಲ್ಲುವಂತೆ ಕಟ್ಟುವುದು. ಸಂಪರ್ಕ ಕಡಿದಾಗಲೂ ಹೋಬಳಿಯಲ್ಲಿ ಅರ್ಜಿಯನ್ನು ತೆಗೆದುಕೊಂಡು, ದಿನಾಂಕ ಹಾಕಿ, ರಸೀತಿ ಕೊಟ್ಟು, ತಂತಿ ಕೂಡಿದಾಗ ಮೇಲಕ್ಕೆ ಕಳುಹಿಸುವಂತೆ ಮಾಡುವುದು. ಇದು ದೊಡ್ಡ ವಿದ್ಯೆಯೇನಲ್ಲ. ಕೊಳ್ಳುವಾಗ ಕೇಳಬೇಕು, ಅಷ್ಟೆ.

ಕೊಳ್ಳುವ ಮಾತು ಬಂದಿತು. ರೋಗದ ಬೇರು ಇರುವುದೂ ಅಲ್ಲಿಯೇ. ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ ತರುವ ಕಾಯಿದೆಯನ್ನು ಕರ್ನಾಟಕ ೧೯೯೯ರಲ್ಲಿಯೇ ಮಾಡಿತು. ಅದು ೨೦೦೦ದ ಅಕ್ಟೋಬರಿನಲ್ಲಿ ಜಾರಿಗೆ ಬಂದಿತು. ಒಳ್ಳೆಯ ಕಾಯಿದೆ. ಆದರೆ ಅದರ ನಾಲ್ಕನೆಯ ಪ್ರಕರಣದಲ್ಲಿ ‘ಜಿ’ ಎಂಬುದೊಂದು ಖಂಡವಿದೆ. ಅದರ ಪ್ರಕಾರ ಸರ್ಕಾರ ಅಧಿಸೂಚನೆ ಹೊರಡಿಸಿ ಬೇಕಾದ ಖರೀದಿಗೆ ವಿನಾಯಿತಿ ಕೊಟ್ಟುಕೊಳ್ಳಬಹುದು. ಬೇಲಿಯನ್ನು ಹಾಕಿದವರೇ ಬೇಲಿಯಲ್ಲಿ ದಣಪೆಯನ್ನೂ ಇಟ್ಟರು. ತುರ್ತೆಂಬ ಹೆಸರಿನಲ್ಲಿ ಸರ್ಕಾರದ್ದೇ ನಿಗಮವೊಂದಕ್ಕೆ ಟೆಂಡರಿಲ್ಲದೆ ಕೆಲಸ ಕೊಡುವುದು, ಆ ನಿಗಮ ತನ್ನ ಪಾಲು ಮುರಿದುಕೊಂಡು ಅದೇ ಕೆಲಸವನ್ನು ಖಾಸಗಿಯವರಿಗೆ ದಾಟಿಸುವುದು: ಈ ದಾರಿ ಇರುವವರೆಗೆ ‘ಒಂದೇ ಕಡೆ ಖರೀದಿ’ ಎಂದರೆ ಒಂದೇ ಕಡೆ ದಣಪೆ ಎಂದಷ್ಟೇ ಅರ್ಥ.

ಇನ್ನು ಟೆಂಡರು ಕರೆದಾಗಲೂ ನಡೆಯುವುದೇನು? ಕಡಿಮೆ ಹೇಳಿದವನಿಗೆ ಕೆಲಸ. ತಂತ್ರಾಂಶವೇನು ತೂಕಕ್ಕೆ ಸಿಗುವ ಮರಳೆ? ಕಡಿಮೆಗೆ ಹಿಡಿದವನು ಆಮೇಲೆ ಒಂದೊಂದು ತಿದ್ದುಪಡಿಗೂ ಬೇರೆ ಬಿಲ್ಲು ಹಾಕುವನು. ತಂತ್ರಾಂಶದ ಮೂಲ ತನ್ನ ಬಳಿಯಲ್ಲಿಯೇ ಇದ್ದರೆ ಅವನನ್ನು ಬಿಡಿಸುವುದು ಯಾರಿಂದ ಸಾಧ್ಯ? ಈ ಸೀಮೆಯವರಿಗೆ ಕರಾರಿನ ರಾಜ್ಯಭಾರದ ರುಚಿ ಗೊತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ‘ಷರತ್ತು’ ಪದ್ಧತಿಯೆಂಬುದಿದ್ದಿತು. ಇಷ್ಟು ಹಣ ಎತ್ತಿಕೊಡುತ್ತೇನೆಂದು ಅಮಲ್ದಾರ ಸರ್ಕಾರಕ್ಕೆ ಕರಾರು ಬರೆದುಕೊಡಬೇಕು. ಕಡಿಮೆ ಬಿದ್ದರೆ ಕೈಯಿಂದ ತುಂಬಬೇಕು. ಅವನು ತುಂಬಿದ್ದು ಯಾರ ಕೈಯಿಂದ ಎಂಬುದನ್ನು ಹೇಳಬೇಕಾಗಿಲ್ಲ. ೧೮೩೦ರಲ್ಲಿ ನಗರದ ರೈತರು ಕೂಟ ಕಟ್ಟಿ ದಂಗೆಯೆದ್ದರು. ೧೮೩೧ರಲ್ಲಿ ಬ್ರಿಟಿಷರು ಅದನ್ನೇ ನೆವಮಾಡಿಕೊಂಡು ಮೈಸೂರಿನ ಆಡಳಿತವನ್ನು ಕಸಿದುಕೊಂಡರು, ಐವತ್ತು ವರ್ಷ ಬಿಡಲಿಲ್ಲ. ಅಂದಿನ ಕರಾರಿನಲ್ಲಿ ಎಷ್ಟು ಹಣವೆಂದು ಇದ್ದಿತು, ರೈತ ಬದುಕಬೇಕೆಂದು ಇರಲಿಲ್ಲ. ಇಂದಿನ ಕರಾರಿನಲ್ಲಿ ಯಂತ್ರ ನೂರಕ್ಕೆ ಇಷ್ಟು ಪಾಲು ಹೊತ್ತು ನಡೆಯಬೇಕೆಂದು ಇರುವುದು, ನಗರದ ಕಿಟಕಿಯಲ್ಲಿ ಕಾಗದ ಕೈಗೆ ಬರಬೇಕೆಂದು ಇರುವುದಿಲ್ಲ.

ಎರಡಕ್ಕೂ ಅಜಗಜಾಂತರ. ಬೆಂಗಳೂರಿನ ತಂಪು ಕೋಣೆಯಲ್ಲಿ ಯಂತ್ರ ವರ್ಷವಿಡೀ ನಿಲ್ಲದೆ ಓಡಿತೆಂದು ಗುತ್ತಿಗೆದಾರನಿಗೆ ಪೂರ್ತಿ ಹಣ ಸಂದಾಯವಾಗಬಹುದು. ಅದೇ ವರ್ಷ ನಗರದಲ್ಲಿ ನಲವತ್ತು ದಿನ ಪಹಣಿ ಸಿಗದೆ ಇರಬಹುದು. ಆದುದರಿಂದ ನಾನು ಕೇಳುವುದು: ಅಳತೆಯ ಕೋಲನ್ನು ಹೋಬಳಿಯ ಕಿಟಕಿಯಲ್ಲಿ ಇಡಿ. ಅಲ್ಲಿ ಕಾಗದ ಕೈಗೆ ಬಾರದ ದಿನಗಳನ್ನು ಎಣಿಸಿ ಬಿಲ್ಲಿನಲ್ಲಿ ಮುರಿಯಿರಿ. ತಂತಿಗೂ ಕರೆಂಟಿಗೂ ಯಂತ್ರಕ್ಕೂ ಬೇರೆಬೇರೆ ಗುತ್ತಿಗೆಯಿತ್ತು ಒಬ್ಬರು ಇನ್ನೊಬ್ಬರ ಕಡೆಗೆ ಬೆರಳು ತೋರಿಸುವ ಆಟವನ್ನು ನಿಲ್ಲಿಸಿ. ಸಾರ್ವಜನಿಕರ ದುಡ್ಡಿನಲ್ಲಿ ಬರೆಸಿದ ತಂತ್ರಾಂಶದ ಮೂಲ ಸರ್ಕಾರದ ಸ್ವತ್ತಾಗಿರಲಿ. ತಪ್ಪಿದ ಹೆಸರನ್ನು ತಿದ್ದುವ ಅಧಿಕಾರ ತಾಲ್ಲೂಕಿನ ಒಬ್ಬ ಮನುಷ್ಯನಿಗೆ, ಹೆಸರಿರುವ ಮನುಷ್ಯನಿಗೆ, ಇರಲಿ. ತಿದ್ದಿದ್ದರ ಗುರುತು ಯಂತ್ರದಲ್ಲಿ ಅಳಿಯದೆ ಉಳಿಯಲಿ.

ಕನ್ನಡ ಮೇಷ್ಟರಾದುದರಿಂದ ಇದೊಂದನ್ನು ಹೇಳದೆ ಬಿಡಲಾರೆ. ರಾಜ್ಯದ ಆಡಳಿತ ಭಾಷೆ ಕನ್ನಡ. ಆದರೆ ಆ ಆಡಳಿತವನ್ನು ನಡೆಸುವ ಯಂತ್ರಗಳ ಟೆಂಡರು ಪತ್ರಗಳನ್ನು ತೆರೆದು ನೋಡಿ. ನೂರಾರು ಪುಟ ಇಂಗ್ಲಿಷು. ಜಿಲ್ಲೆಗೂ ರಾಜ್ಯಕ್ಕೂ ಟೆಂಡರು ಬುಲೆಟಿನ್ ಇರಬೇಕೆಂದು ಕಾಯಿದೆ ಹೇಳುವುದು ಯಾರು ಓದಲೆಂದು? ಗುತ್ತಿಗೆದಾರನಿಗೆ ಅರ್ಥವಾದರೆ ಸಾಕೆಂದು ಭಾವಿಸುವವರು, ಅದರ ಫಲ ಉಣ್ಣುವವನಿಗೂ ಓದುವ ಹಕ್ಕುಂಟೆಂಬುದನ್ನು ಒಪ್ಪಬೇಕು. ಮುಂದಿನ ಸಲ ಇಂಥ ತಂತ್ರಾಂಶವೊಂದನ್ನು ಕೊಳ್ಳುವ ಮೊದಲು ಅದರಿಂದ ಜನರಿಗೆ ಏನು, ಎಷ್ಟು ದಿನದಲ್ಲಿ, ತಪ್ಪಿದರೆ ಯಾರು ಹೊಣೆ ಎಂಬ ಕರಡನ್ನು ನಾಲ್ಕು ಪುಟ ಕನ್ನಡದಲ್ಲಿ ಬರೆಯಿಸಿ ನಾಡಕಚೇರಿಗಳ ಗೋಡೆಗೆ ಅಂಟಿಸಲಿ. ಆಕ್ಷೇಪಣೆಗೆ ಮೂವತ್ತು ದಿನ ಕೊಡಲಿ; ಮಳೆಗಾಲವಾದರೆ ಅರವತ್ತು.