ಮಾವನವರ ಗಾಳ, ನನ್ನ ಗಡಿಗೆ

ಹಿಂದಿನ ಸಂಚಿಕೆಯಲ್ಲಿ ಕರಿಂಡಿ ಹಾಕುವ ಬಗೆ ಬರೆದಿದ್ದೆನಲ್ಲ, ಅದನ್ನು ಓದಿ ಸಂಕೇಶ್ವರದ ಕಡೆಯ ಸಹೋದರಿಯೊಬ್ಬರು ಕಾಗದ ಹಾಕಿದ್ದಾರೆ. ಕರಿಂಡಿ ಹದವಾಗಿ ಬಂತಂತೆ, ಸಂತೋಷ. ಆದರೆ ಕಾಗದದ ಕೊನೆಗೆ ಕೇಳಿದ್ದು ಬೇರೆಯೇ ಸಂಗತಿ. "ಮಲ್ಲಿಗೆ ಗಿಡದ ಬಗ್ಗೆ ಬರೆದಾಗ ನಿಮ್ಮ ಹುಳದ ಗಡಿಗೆಯ ಮಾತು ಬಂದಿತ್ತು. ನನ್ನ ಮಗನಿಗೆ ಈಗ ಗಾಳ ಹಾಕುವ ಹುಚ್ಚು. ಶಾಲೆ ಬಿಟ್ಟ ಕೂಡಲೇ ಎರೆಹುಳು ಅಗೀಲಿಕ್ಕೆ ಹಳ್ಳದ ದಂಡೆಗೆ ಓಡ್ತಾನೆ. ಮನೆಯಲ್ಲೇ ಹುಳು ಸಾಕಬಹುದೇ? ವಾಸನೆ ಬರೋದಿಲ್ಲವೇ? ನಮ್ಮ ಅತ್ತೆಯವರಿಗೆ ಹೇಗೆ ಹೇಳಲಿ?"

ಅಡಿಗೆಯ ಪುಟದ ಪಕ್ಕದಲ್ಲಿ ಹುಳದ ಮಾತು ಯಾಕೆ ಅಂತ ಮೂಗು ಮುರಿಯಬೇಡಿ. ಆ ತಾಯಿಯ ದಿಗಿಲು ನನಗೆ ಗೊತ್ತು. ನಾನು ಗಡಿಗೆ ಹೂಡಿದ್ದೂ ಅಂಥದ್ದೇ ದಿಗಿಲಿನಿಂದ.

ನಮ್ಮ ಮಾವನವರು ಗೋಕಾಕ ಫಾಲ್ಸಿನ ಹತ್ತಿ ಗಿರಣಿಯಲ್ಲಿ ದುಡಿದು, ನಿವೃತ್ತಿಯಾದ ಮೇಲೆ ಘೋಡಗೇರಿಗೆ ಬಂದವರು. ಅತ್ತೆಯವರು ತೀರಿಕೊಂಡ ಮೇಲೆ ಅವರಿಗೆ ಉಳಿದದ್ದು ಘಟಪ್ರಭೆಯ ದಂಡೆ ಮತ್ತು ಒಂದು ಬಿದಿರಿನ ಕೋಲು. ಮನೆಯಲ್ಲಿ ಮೀನು ತಿನ್ನುವವರು ಇಬ್ಬರೇ, ಶ್ರಾವಣದಲ್ಲಂತೂ ಅವರೂ ತಿನ್ನುವುದಿಲ್ಲ. ಹಾಗಾಗಿ ಮೀನು ಸಿಕ್ಕರೂ ಸರಿ, ಬುಟ್ಟಿ ಬರಿದಾಗಿ ಬಂದರೂ ಸರಿ. ಸಂಜೆ ಎರಡು ತಾಸು ನೀರು ನೋಡುತ್ತ ಕೂತು ಬಂದರೆ ರಾತ್ರಿ ಎರಡು ರೊಟ್ಟಿ ಉಂಡು ಮಲಗುತ್ತಿದ್ದರು.

ಹುಳು ಮೊದಲು ಕಬ್ಬಿನ ಹೊಲದ ಬದುವಿನಲ್ಲೇ ಸಿಗುತ್ತಿದ್ದವಂತೆ. "ಗೊಬ್ಬರದ ಚೀಲ, ಎಣ್ಣಿ ಹೊಡಿಯೂದು, ರವದಿಗೆ ಬೆಂಕಿ ಹಚ್ಚೂದು... ಇಷ್ಟೆಲ್ಲಾ ಆದಮ್ಯಾಗ ಹುಳಾ ಎಲ್ಲಿ ಇರ್ತಾವ?" ಅನ್ನುತ್ತಿದ್ದರು ಮಾವನವರು. ಹಾಗಾಗಿ ಹೊಳೆಯ ಅಂಚಿನ ಹಸಿ ಮಣ್ಣನ್ನೇ ಕೆದಕಬೇಕಾಗಿತ್ತು. ಒಂದು ಆಷಾಢದ ಸಂಜೆ ಹೀಗೇ ಕೆದಕುವಾಗ ಕಾಲು ಮೊಣಕಾಲ ತನಕ ಕೆಸರಿನಲ್ಲಿ ಹೂತುಹೋಯಿತು. ಹಿಡಕಲ್ ಜಲಾಶಯದಿಂದ ನೀರು ಬಿಟ್ಟಿದ್ದರು, ಹೊಳೆ ಏರುತ್ತಿತ್ತು. ಎಮ್ಮೆ ಮೈ ತೊಳೆಯಲು ಬಂದ ಹುಡುಗರು ಕಂಡು ಎಳೆದುಕೊಂಡರೋ, ಬಚಾವಾಯಿತು.

2019ರ ಆಗಸ್ಟಿನ ಮಹಾಪೂರದಲ್ಲಿ ಗೋಕಾಕದ ಪೇಟೆಯೊಳಗೇ ನೀರು ಹೊಕ್ಕದ್ದನ್ನು ಕಂಡವರು ನಾವು. ನಮ್ಮವರಿಗೆ ಹೊಳೆಯ ಹೆಸರೆತ್ತಿದರೆ ಎದೆ ಝಲ್ಲೆನ್ನುತ್ತದೆ. "ಅಪ್ಪಾ, ಇನ್ನ ಹೊಳೀ ಕಡೆ ಹೋಗೂದು ಬ್ಯಾಡ" ಎಂದವರೇ ಕೋಲನ್ನು ಅಟ್ಟಕ್ಕೆ ಏರಿಸಿಬಿಟ್ಟರು. ಮಾವನವರು ಎದುರು ಮಾತಾಡಲಿಲ್ಲ. ಅವತ್ತು ಒಂದು ರೊಟ್ಟಿ ಉಂಡರು. ಮರುದಿನ ಅರ್ಧ. ನಾಲ್ಕನೇ ದಿನಕ್ಕೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದವರು ಚಹಾಕ್ಕೂ ಏಳಲಿಲ್ಲ.

ನನಗೆ ರಾತ್ರಿಯೆಲ್ಲ ಅದೇ ಯೋಚನೆ. ಅವರು ಗಾಳ ಹಾಕಿ ಕೂರುವುದು ಮೆಟ್ಟಿಲ ಮೇಲೆ, ನಾಲ್ಕು ಹೆಣ್ಣುಮಕ್ಕಳು ಬಟ್ಟೆ ಒಗೆಯುವ ಕಡೆ. ಅಲ್ಲೇನೂ ಭಯವಿಲ್ಲ. ಭಯ ಇದ್ದದ್ದು ಹುಳು ಅಗೆಯುವ ಕಡೆ. ಬೆಳಿಗ್ಗೆ ನಮ್ಮವರನ್ನು ಕೇಳಿದೆ: "ಹುಳಾ ಮನ್ಯಾಗ ಸಿಕ್ಕರ ಮಾವನ್ನ ಕಳಸ್ತೀರೇನು?" ಅವರು ನಕ್ಕರು. "ಮನ್ಯಾಗ ಹುಳಾ ಸಾಕ್ತೀ? ಸಾಕು ನೋಡೂಣು" ಎಂದರು. ಆ ಒಂದು ಮಾತು ಹಿಡಿದುಕೊಂಡೆ.

ಮೊದಲ ಗಡಿಗೆ ಸತ್ತಿತು. ಕಾರಣ ನಾನೇ. ಹುಳುಗಳಿಗೆ ತೇವ ಬೇಕು ಎಂದು ಕೇಳಿದ್ದೆ, ಅಡಿಗೆಮನೆಯ ತೊಳೆದ ನೀರೆಲ್ಲ ಒಳ್ಳೆಯದೇ ಅಂದುಕೊಂಡೆ. ಒಂದು ದಿನ ಕರಿಂಡಿಯ ಭರಣಿ ತೊಳೆದ ನೀರನ್ನೂ ಅದಕ್ಕೇ ಸುರಿದೆ. ಉಪ್ಪು, ಖಾರ, ಹುಳಿ ಎಲ್ಲ ಇದ್ದ ನೀರು. ಬೆಳಿಗ್ಗೆ ಗೋಣಿತಟ್ಟು ಎತ್ತಿದರೆ ಹುಳುಗಳೆಲ್ಲ ಬಿಳಚಿಕೊಂಡು ನೂಲಿನ ಹಾಗೆ ಬಿದ್ದಿದ್ದವು. ಎರೆಹುಳಕ್ಕೆ ಮೂಗಿಲ್ಲ, ಪುಪ್ಪುಸವಿಲ್ಲ. ಮೈಯ ಹಸಿ ಚರ್ಮದಿಂದಲೇ ಅದರ ಉಸಿರಾಟ. ಆ ಚರ್ಮದ ಮೇಲೆ ಉಪ್ಪು ಬಿದ್ದರೆ ಗಾಯಕ್ಕೆ ಉಪ್ಪು ಹಚ್ಚಿದಂತೆಯೇ. ಮಾವನವರು ಬಂದು ನೋಡಿದರು. ಬೈಯುತ್ತಾರೆ ಎಂದುಕೊಂಡೆ. "ಇರ್ಲಿ ಯವ್ವಾ, ಮತ್ತೊಂದು ಹೂಡೂಣು" ಎಂದು ತಾವೇ ಗಡಿಗೆ ಬರಿದು ಮಾಡಲು ಕೂತರು. ನಾಲ್ಕು ದಿನದಲ್ಲಿ ಮೊದಲ ಸಲ ಅಂಗಳಕ್ಕೆ ಬಂದಿದ್ದರು ಅವರು. ನನಗೆ ಗಂಟಲು ಕಟ್ಟಿತು, ಹುಳಕ್ಕಾಗಿಯೋ ಅವರಿಗಾಗಿಯೋ ಗೊತ್ತಿಲ್ಲ.

ಎರಡನೇ ಗಡಿಗೆಯನ್ನು ಅವರು, ನಾನು ಕೂಡಿ ಹೂಡಿದೆವು. ಅದರ ರೀತಿ ಹೇಳುತ್ತೇನೆ.

ಬಾಯಿ ಒಡೆದ ದೊಡ್ಡ ಮಣ್ಣಿನ ಗಡಿಗೆ ಅಥವಾ ಹರವಿ ಸಾಕು; ಹಳೆಯ ಪ್ಲಾಸ್ಟಿಕ್ ಬಕೆಟ್ಟಾದರೂ ಆದೀತು, ಆದರೆ ಬಿಸಿಲಿಗೆ ಕಾಯುತ್ತದೆ. ತಳಕ್ಕೆ ಮೂರ್ನಾಲ್ಕು ತೂತು ಇರಲಿ. ನೀರು ನಿಂತರೆ ಹುಳು ಉಸಿರು ಕಟ್ಟಿ ಸಾಯುತ್ತವೆ. ತೂತಿನ ಮೇಲೆ ಒಂದು ಹಿಡಿ ತೆಂಗಿನ ನಾರು, ಅದರ ಮೇಲೆ ಇಟ್ಟಂಗಿ ಚೂರು, ಮೇಲೆ ಒಂದು ಪದರ ಉಸುಕು. ಇನ್ನು ಹಾಸಿಗೆ: ಹಳೆಯ ಸಗಣಿ, ಒಣಗಿದ ಎಲೆ, ಸಣ್ಣಗೆ ಕತ್ತರಿಸಿದ ರವದಿ. ರವದಿ ನಮ್ಮ ಕಡೆ ಬೇಕಾದಷ್ಟು. ಹಸಿ ಸಗಣಿ ಮಾತ್ರ ಬೇಡ, ಕೊಳೆಯುವಾಗ ಒಳಗೊಳಗೇ ಬಿಸಿಯೇರಿ ಹುಳುಗಳನ್ನು ಬೇಯಿಸಿಬಿಡುತ್ತದೆ. ಮೂರು ನಾಲ್ಕು ವಾರ ನೆರಳಲ್ಲಿ ಬಿದ್ದು ಕಾವು ಆರಿದ ಸಗಣಿ ಆಗಬೇಕು. ಎಲ್ಲವನ್ನೂ ಕಲಸಿ ನೀರು ಚಿಮುಕಿಸಿ. ಹದ ಗೊತ್ತಾಗುವುದು ಹೇಗೆ? ಒಂದು ಮುಷ್ಟಿ ಹಿಡಿದು ಹಿಂಡಿದರೆ ಒಂದೆರಡು ಹನಿ ಬೀಳಬೇಕು, ಅಷ್ಟೇ. ಹಿಂಡಿದ ಒರೆಸುವ ಬಟ್ಟೆಯ ತೇವ ಅನ್ನಿ.

ಹುಳು ಎಲ್ಲಿಂದ ತರುವುದು? ಹೊಲದ ಮಣ್ಣಿನ ಆಳದಲ್ಲಿ ಸಿಗುವ ದಪ್ಪ ಬೂದು ಹುಳು ಗಡಿಗೆಯಲ್ಲಿ ಬಾಳುವುದಿಲ್ಲ. ನಾನು ಮೊದಲು ತಂದದ್ದು ಅವನ್ನೇ, ಅರ್ಧ ಓಡಿಹೋಗಿದ್ದವು. ತಿಪ್ಪೆಯ ಮೇಲ್ಪದರದಲ್ಲಿ, ಕೊಳೆತ ಸಗಣಿಯಲ್ಲಿ ಇರುವ ಕೆಂಪನೆಯ ತೆಳು ಹುಳು ಬೇಕು. ಎರೆಗೊಬ್ಬರ ಮಾಡುವ ರೈತರ ಮನೆಯಲ್ಲಿ ಕೇಳಿದರೆ ಎರಡು ಹಿಡಿ ಕೊಟ್ಟಾರು. ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರ ನಮಗೆ ಹತ್ತಿರದ್ದು, ಅಲ್ಲಿ ವಿಚಾರಿಸಿದರೂ ದಾರಿ ಹೇಳುತ್ತಾರೆ. ಎರೆಗೊಬ್ಬರದ ತೊಟ್ಟಿಗಳಲ್ಲಿ ಹೆಚ್ಚಾಗಿ ಇರುವುದು ಯುಡ್ರಿಲಸ್ ಎಂಬ ಆಫ್ರಿಕಾ ಮೂಲದ ಹುಳು. ಗಾಳಕ್ಕೂ ಅದು ಒಳ್ಳೆಯದು, ಗೇಣುದ್ದ ಬೆಳೆಯುತ್ತದೆ. ನಮ್ಮ ರಾಜ್ಯದಲ್ಲಿ ಎರೆಹುಳು ಸಾಕುವ ವಿದ್ಯೆಗೆ ದಾರಿ ಮಾಡಿದವರಲ್ಲಿ ಒಬ್ಬ ಹೆಣ್ಣುಮಗಳೂ ಇದ್ದಾರೆ: ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದ ಡಾ. ರಾಧಾ ಕಾಳೆ. 1998ರಲ್ಲಿ ಬಂದ ಅವರ ಇಂಗ್ಲಿಷ್ ಪುಸ್ತಕದ ಹೆಸರಿನಲ್ಲೇ ಎರೆಹುಳವನ್ನು ಸಾವಯವ ಕೃಷಿಯ ಸಿಂಡ್ರೆಲಾ ಎಂದು ಕರೆದಿದ್ದಾರೆ. ಒಲೆಯ ಬೂದಿಯಲ್ಲಿ ಕೂತು ಮನೆಗೆಲಸವೆಲ್ಲ ಮಾಡುವ ಆ ಕತೆಯ ಹುಡುಗಿ!

ಊಟಕ್ಕೆ ಏನು ಹಾಕುವುದು? ಕಾಯಿಪಲ್ಲೆಯ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ, ಸಕ್ಕರೆ ಹಾಲು ಹೋಗುವಂತೆ ತೊಳೆದ ಚಹಾದ ಚರಟ. ಎಲ್ಲವನ್ನೂ ಸಣ್ಣಗೆ ಹೆಚ್ಚಿ ಒಂದು ಮೂಲೆಯಲ್ಲಿ ಹುಗಿದು ಮೇಲೆ ಹಾಸಿಗೆ ಮುಚ್ಚಿ. ಸಹೋದರಿ ಕೇಳಿದ ವಾಸನೆಯ ಗುಟ್ಟು ಇದೇ. ಹಿಂದಿನದು ತಿಂದು ಮುಗಿಸುವ ಮೊದಲೇ ಹೊಸದು ಸುರಿದರೆ ನಾರುತ್ತದೆ, ಇಲ್ಲವಾದರೆ ಮಳೆ ಬಿದ್ದ ಮಣ್ಣಿನ ವಾಸನೆಯಷ್ಟೇ. ಉಪ್ಪು, ಎಣ್ಣೆ, ಒಗ್ಗರಣೆ ಹಾಕಿದ್ದು, ಮೆಣಸಿನಕಾಯಿ, ಲಿಂಬೆ ಸಿಪ್ಪೆ, ಉಳ್ಳಾಗಡ್ಡಿ ಸಿಪ್ಪೆ, ಮಾಂಸದ ಚೂರು ಬೇಡವೇ ಬೇಡ. ಸಾಬೂನಿನ ನೀರೂ ಬೇಡ. ಬೇವಿನ ಸೊಪ್ಪು ಕೂಡ ಬೇಡ.

ಮೇಲೆ ಒದ್ದೆ ಗೋಣಿತಟ್ಟು. ಹುಳುಗಳಿಗೆ ಕಣ್ಣಿಲ್ಲ, ಆದರೆ ಬೆಳಕು ಮೈಗೇ ತಿಳಿಯುತ್ತದೆ, ಅದನ್ನು ಸಹಿಸುವುದಿಲ್ಲ. ಇರುವೆ ಹತ್ತದಂತೆ ಗಡಿಗೆಯನ್ನು ಎರಡು ಇಟ್ಟಂಗಿಯ ಮೇಲಿಟ್ಟು, ಇಟ್ಟಂಗಿಗಳನ್ನು ನೀರು ತುಂಬಿದ ಅಗಲ ತಾಟಿನಲ್ಲಿ ಇಡಿ. ಕೋಳಿ ಇದ್ದ ಮನೆಯಲ್ಲಿ ಮೇಲೆ ಒಂದು ಜಾಳಿಗೆ ಕಟ್ಟುವುದು ಒಳ್ಳೆಯದು, ನಮ್ಮ ಪಕ್ಕದ ಮನೆಯ ವೈನಿಯ ಕೋಳಿ ಒಂದೇ ಮಧ್ಯಾಹ್ನ ಅರ್ಧ ಗಡಿಗೆ ಖಾಲಿ ಮಾಡಿತ್ತು. ಬೇಸಿಗೆಯಲ್ಲಿ ನಮ್ಮ ಕಡೆಯ ಬಿಸಿಲು ಹುಳಕ್ಕೆ ಯಮ. ಯುಗಾದಿ ದಾಟಿದ ಮೇಲೆ ಗಡಿಗೆಯನ್ನು ಬಾಳೆಯ ಬುಡದ ನೆರಳಲ್ಲಿ ಅರ್ಧ ಹುಗಿದು, ದಿನಕ್ಕೆರಡು ಸಲ ತಟ್ಟಿಗೆ ನೀರು ಚಿಮುಕಿಸುತ್ತೇನೆ.

ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಇಡಬೇಡಿ. ಇದನ್ನು ಕಂಡುಹಿಡಿದವರು ಮಾವನವರು. ಧಪ್ ಧಪ್ ಎಂದು ನಾನು ಬಟ್ಟೆ ಬಡಿದಾಗಲೆಲ್ಲ ಹುಳು ಒಳಗೆ ಜಗ್ಗಿಕೊಳ್ಳುತ್ತಿದ್ದವು. ಆಮೇಲೆ ಮಗಳ ಪುಸ್ತಕದಲ್ಲಿ ಓದಿದರೆ, ಡಾರ್ವಿನ್ ಸಾಹೇಬರೂ ಇದನ್ನೇ ನೋಡಿದ್ದಾರೆ! ಎರೆಹುಳುಗಳ ಮೇಲಿನ ಅವರ ಪುಸ್ತಕ ಬಂದದ್ದು 1881ರಲ್ಲಿ, ಸಾಯುವ ಹಿಂದಿನ ವರ್ಷ. ಕುಂಡಗಳಲ್ಲಿ ಹುಳು ಸಾಕಿ ಅವುಗಳೆದುರು ಕೂಗಿ ನೋಡಿದರಂತೆ, ವಾದ್ಯ ಊದಿಸಿದರಂತೆ, ಹುಳುಗಳಿಗೆ ಏನೂ ಕೇಳಿಸಲಿಲ್ಲ. ಅದೇ ಕುಂಡವನ್ನು ಪಿಯಾನೋ ಮೇಲಿಟ್ಟು ಒಂದು ಸ್ವರ ಬಾರಿಸಿದ್ದೇ ತಡ, ಸರ್‍ರನೆ ಬಿಲಕ್ಕೆ ಇಳಿದವು. ಕಿವಿ ಇಲ್ಲ, ಅದುರು ಮಾತ್ರ ತಿಳಿಯುತ್ತದೆ. ಅಷ್ಟು ದೊಡ್ಡ ಮನುಷ್ಯ ನಡುಮನೆಯಲ್ಲಿ ಹುಳು ಇಟ್ಟುಕೊಂಡಿದ್ದರು ಎಂದು ನಿಮ್ಮ ಅತ್ತೆಯವರಿಗೆ ಹೇಳಿ, ಸಹೋದರಿ. ಒಪ್ಪದಿದ್ದರೆ ಮಲ್ಲಿಗೆ ಗಿಡದ ಆಸೆ ತೋರಿಸಿ.

ಗಡಿಗೆ ಹೂಡಿದ ಮರುದಿನವೇ ಹುಳು ತೆಗೆಯಲು ಹೋಗಬೇಡಿ. ಮೂರು ತಿಂಗಳು ತಡೆಯಬೇಕು. ಒಂದೇ ಹುಳದಲ್ಲಿ ಗಂಡು ಹೆಣ್ಣು ಎರಡೂ ಇದ್ದರೂ ಜೋಡಿ ಬೇಕೇ ಬೇಕು. ಕತ್ತಿನ ಹತ್ತಿರ ಉಂಗುರದಂಥ ದಪ್ಪ ಪಟ್ಟಿ ಕಂಡರೆ ಅದು ಬಲಿತ ಹುಳು. ಅದರ ಮೊಟ್ಟೆಯ ಕೋಶ ಸಾಸಿವೆ ಕಾಳಿಗಿಂತ ತುಸು ದೊಡ್ಡದು, ನಿಂಬೆಹಣ್ಣಿನ ಆಕಾರ. ಎರಡು ಮೂರು ವಾರಕ್ಕೆ ಒಡೆದು ದಾರದೆಳೆಯಂಥ ಮರಿ ಬರುತ್ತವೆ, ಇನ್ನೂ ಒಂದೂವರೆ ಎರಡು ತಿಂಗಳಿಗೆ ಅವು ಬಲಿಯುತ್ತವೆ. ಹುಳವನ್ನು ಎರಡು ತುಂಡು ಮಾಡಿದರೆ ಎರಡು ಹುಳು ಆಗುತ್ತವೆ ಅನ್ನುವುದು ಸುಳ್ಳು. ತಲೆಯ ಕಡೆಯ ತುಂಡು ಕೆಲವೊಮ್ಮೆ ಬದುಕೀತು, ಬಾಲದ ತುಂಡು ಉಳಿಯುವುದಿಲ್ಲ. ನಮ್ಮ ಮಗ ಹೆಚ್ಚಾಗಲಿ ಎಂದು ಬ್ಲೇಡು ಹಿಡಿದು ಕೂತಿದ್ದ!

ಆ ಮೂರು ತಿಂಗಳು ಮಾವನವರು ಗಡಿಗೆಯ ಕಾವಲುಗಾರರಾದರು. ಬೆಳಿಗ್ಗೆ ತಟ್ಟು ಎತ್ತಿ ನೋಡುವುದು, ನನ್ನ ಸಿಪ್ಪೆಯ ತಾಟು ಪರೀಕ್ಷೆ ಮಾಡುವುದು. "ಯವ್ವಾ, ಇದರಾಗ ಮೆಣಸಿನಕಾಯಿ ತುಂಬು ಬಂದೈತಿ ನೋಡು" ಎಂದು ಎತ್ತಿ ಬಿಸಾಕುವುದು. ಮೊದಲ ಮರಿಗಳು ಕಂಡ ದಿನ ಮಗನನ್ನೇ ಕರೆದು ತೋರಿಸಿದರು. ನಮ್ಮವರು ಬಗ್ಗಿ ನೋಡಿದರು, ಏನೂ ಅನ್ನಲಿಲ್ಲ. ಸಂಜೆ ಅಟ್ಟದ ಮೇಲಿನ ಕೋಲು ಕೆಳಗಿಳಿದು ಬಾಗಿಲ ಮೂಲೆಯಲ್ಲಿ ನಿಂತಿತ್ತು. ಕರಾರು ಎರಡೇ: ಮೆಟ್ಟಿಲು ಬಿಟ್ಟು ಕೆಳಗೆ ಇಳಿಯಬಾರದು, ಹಿಡಕಲ್ಲಿನಿಂದ ನೀರು ಬಿಟ್ಟ ಸುದ್ದಿ ಇದ್ದರೆ ಹೋಗಲೇಬಾರದು. ಸಹೋದರಿ, ನಿಮ್ಮ ಮಗನಿಗೂ ಇದನ್ನೇ ಹೇಳಿ, ಜೊತೆಗೆ ಒಬ್ಬ ದೊಡ್ಡವರು ಇರಲಿ. ಧೂಪದಾಳದ ಹಿನ್ನೀರಿನ ಕಡೆ ಪಕ್ಷಿಧಾಮ ಇದೆ, ಅಲ್ಲಿ ಗಾಳ ಬೇಡ.

ಹುಳು ತೆಗೆಯುವಾಗ ನೆರಳಲ್ಲಿ ಒಂದು ಪ್ಲಾಸ್ಟಿಕ್ ಹಾಳೆಯ ಮೇಲೆ ಗಡಿಗೆ ಬಗ್ಗಿಸಿ ಗುಡ್ಡೆ ಮಾಡಿ. ಬೆಳಕಿಗೆ ಹೆದರಿ ಹುಳು ತಳಕ್ಕೆ ಇಳಿಯುತ್ತವೆ, ಮೇಲಿನ ಗೊಬ್ಬರ ಬಾಚುತ್ತ ಹೋಗಿ. ಬಲಿತವನ್ನು ಆರಿಸಿ, ಮರಿ ಮತ್ತು ಕೋಶ ಮರಳಿ ಗಡಿಗೆಗೆ. ಆರಿಸಿದವನ್ನು ಒಂದು ದಿನ ಒದ್ದೆ ಬಟ್ಟೆಯಲ್ಲಿಟ್ಟರೆ ಹೊಟ್ಟೆಯ ಮಣ್ಣು ಕಳೆದು ಮೈ ಗಟ್ಟಿಯಾಗುತ್ತದೆ, ಗಾಳದಿಂದ ಬೇಗ ಜಾರುವುದಿಲ್ಲ. ತೂತು ಮಾಡಿದ ಡಬ್ಬಿಯಲ್ಲಿ ಒದ್ದೆ ಎಲೆ ಹಾಕಿ ಒಯ್ಯಿರಿ. ತಳದಲ್ಲಿ ಮೂಸಿ ತಿನ್ನುವ ಚೇಳುಮೀನು, ಹಾವುಮೀನಿನಂಥವು ಇದಕ್ಕೆ ಬೀಳುತ್ತವೆ. ಕಾಟ್ಲಾ, ರೋಹುಗಳಿಗೆ ಹುಳಕ್ಕಿಂತ ಕಣಿಕದ ಉಂಡೆಯೇ ಇಷ್ಟ.

ಉಳಿದ ಹುಳುಗಳನ್ನು ದಂಡೆಯಲ್ಲಿ ಚೆಲ್ಲಿ ಬರಬಾರದು, ಮನೆಗೆ ತನ್ನಿ. ಅಮೆರಿಕದ ಮಿನ್ನೆಸೋಟಾ ಕಡೆಯ ಕಾಡುಗಳಲ್ಲಿ ಮೊದಲು ಎರೆಹುಳುಗಳೇ ಇರಲಿಲ್ಲ. ಹೊರಗಿನಿಂದ ಬಂದ ಹುಳುಗಳ ಜೊತೆ, ಗಾಳದವರು ಬಿಟ್ಟುಬಂದ ಹುಳುಗಳೂ ಸೇರಿ ಅಲ್ಲಿ ನೆಲದ ಎಲೆಹಾಸನ್ನೇ ತಿಂದುಹಾಕಿ, ಕಾಡಿನ ಎಳೆ ಸಸಿಗಳಿಗೆ ಕುತ್ತು ಬಂದಿದೆ. ನಮ್ಮ ಗಡಿಗೆಯದೂ ಪರದೇಶದ ಹುಳುವೇ.

ಈಗ ಮಾವನವರ ಮೊಣಕಾಲು ಮೆಟ್ಟಿಲನ್ನೂ ಒಪ್ಪುವುದಿಲ್ಲ. ಮೊಮ್ಮಗ ಡಬ್ಬಿ ಹಿಡಿದು ಹೊರಟಾಗ ಕಟ್ಟೆಯ ಮೇಲೆ ಕೂತು, "ಎಷ್ಟ ಒಯ್ದಿ? ಹತ್ತ ಸಾಕು, ಸಣ್ಣಾವ್ನ ಬಿಡು" ಎಂದು ಲೆಕ್ಕ ಕೇಳುತ್ತಾರೆ. ಅವನು ತಿರುಗಿ ಬರುವ ತನಕ ಒಳಗೆ ಬರುವುದಿಲ್ಲ.

ಗಡಿಗೆ ಹೂಡಲು ಈ ಚಳಿಗಾಲ ಒಳ್ಳೆಯ ಹೊತ್ತು, ಬಿಸಿಲು ಏರುವ ಮೊದಲು ಹುಳು ನೆಲೆ ನಿಲ್ಲುತ್ತವೆ. ಮುಂದಿನ ಸಂಚಿಕೆಗೆ ಭೋಗಿಯ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ. ಹುಳ ಮುಟ್ಟಿದ ಕೈ ಚೆನ್ನಾಗಿ ತೊಳೆದುಕೊಂಡೇ ಬರೆಯುತ್ತೇನೆ!