ಪಾಸ್ ಮಾರ್ಕ್ 33 ಆಯ್ತು, ಪ್ರಶ್ನೆಪತ್ರಿಕೆ ಬದಲಾಗೋದು ಯಾವಾಗ?

ಎಸ್‌ಎಸ್‌ಎಲ್‌ಸಿ ಪಾಸಾಗಲು ಶೇ 35 ಬೇಡ, ಒಟ್ಟಾರೆ ಶೇ 33 ಸಾಕು, ಪ್ರತಿ ವಿಷಯದಲ್ಲಿ ಕನಿಷ್ಠ 30 ಇದ್ದರಾಯ್ತು ಎಂದು ರಾಜ್ಯ ಸರ್ಕಾರ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ‘ಗುಣಮಟ್ಟ ಹಾಳಾಯ್ತು’ ಅಂತ ಕೆಲವರು, ‘ಬಡ ಮಕ್ಕಳಿಗೆ ಅನುಕೂಲ’ ಅಂತ ಇನ್ನು ಕೆಲವರು. ಎರಡೂ ಕಡೆಯವರ ವಾದ ಅಂಕದ ಸುತ್ತಲೇ. ಆ ಅಂಕ ಎಂಥ ಪ್ರಶ್ನೆಗೆ ಸಿಗುತ್ತಿದೆ ಅನ್ನೋದು ಪಕ್ಕಕ್ಕೇ ಉಳಿಯಿತು.

ಹಿಂದಿನ ಫಲಿತಾಂಶಗಳನ್ನೇ ನೋಡಿ. 2023ರಲ್ಲಿ ಪಾಸಾದವರು ಶೇ 83.89. 2024ರಲ್ಲಿ ಶೇ 73.40, ಅದೂ ಗ್ರೇಸ್ ಅಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಒಂದೇ ವರ್ಷದಲ್ಲಿ ಮಕ್ಕಳು ದಡ್ಡರಾದರಾ? ಮೇಷ್ಟ್ರು ಪಾಠ ಮಾಡೋದು ಬಿಟ್ಟರಾ? ಇಲ್ಲ. ಆ ವರ್ಷ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಬಂತು, ನಕಲಿಗೆ ಕಡಿವಾಣ ಬಿತ್ತು. ಸಂಖ್ಯೆಯೊಂದು ಇಳಿದಾಗ ‘ಸರಕು ಕಡಿಮೆಯಾಯ್ತಾ, ತಕ್ಕಡಿ ಬದಲಾಯ್ತಾ?’ ಎಂದು ಕೇಳೋದಿದೆಯಲ್ಲ, ಅದೇ ಯೋಚನೆಯ ಮೊದಲ ಪಾಠ.

ಇದನ್ನು ತರಗತಿಯಲ್ಲಿ ಕಲಿಸೋದು ಅಸಾಧ್ಯವೇನಲ್ಲ. ‘ಶೇಕಡಾವಾರು ಸೂತ್ರ ಬರೆಯಿರಿ’ ಅಂದರೆ ಬಾಯಿಪಾಠ ಸಾಕು. ‘ಅಂಗಡಿಯವರು ಶೇ 50 ರಿಯಾಯಿತಿ, ಅದರ ಮೇಲೆ ಇನ್ನೂ ಶೇ 20 ಅಂತ ಬೋರ್ಡ್ ಹಾಕಿದ್ದಾರೆ. ಒಟ್ಟು ಶೇ 70 ಉಳಿಯುತ್ತಾ?’ ಅಂತ ಕೇಳಿದರೆ ಮಗು ನಿಂತು ಯೋಚಿಸಲೇಬೇಕು. ಸಾವಿರದ ಬಟ್ಟೆ ಐನೂರಾಗುತ್ತೆ, ಐನೂರರಲ್ಲಿ ನೂರು ಕಳೆದು ನಾನೂರು. ಉಳಿದದ್ದು ಶೇ 60. ಪಠ್ಯ ಅದೇ, ಪ್ರಶ್ನೆ ಬೇರೆ.

ಹಾಗಂತ ನೆನಪಿನ ಶಕ್ತಿ ಬೇಡ ಅಂತಲ್ಲ. ಮಗ್ಗಿ ಬಾರದವರಿಗೆ ಈ ಲೆಕ್ಕವೂ ಕಷ್ಟ. ಆದರೆ ಇವತ್ತು ಸಿದ್ಧ ಉತ್ತರ ಮೊಬೈಲ್‌ನಲ್ಲೇ ಸಿಗುತ್ತೆ. ಚಾಟ್‌ಜಿಪಿಟಿ ತಪ್ಪನ್ನೂ ಸರಿಯಷ್ಟೇ ಧೈರ್ಯವಾಗಿ ಹೇಳುತ್ತೆ. ಇಂಜಿನಿಯರಿಂಗ್ ಓದಿದವರಿಗೆ ಇದು ಗೊತ್ತು: ಪ್ರೋಗ್ರಾಂ ಓಡಿತು ಅಂದ ಮಾತ್ರಕ್ಕೆ ಉತ್ತರ ಸರಿ ಅಂತಲ್ಲ, ಪರೀಕ್ಷಿಸಿಯೇ ನಂಬಬೇಕು. ಇದು ನಿಜ ಅಂತ ಹೇಗೆ ಗೊತ್ತು, ಯಾರು ಹೇಳಿದ್ದು, ಬೇರೆ ಕಾರಣ ಇರಬಹುದಾ? ಈ ಮೂರು ಪ್ರಶ್ನೆ ಹತ್ತನೇ ತರಗತಿ ಮುಗಿಸಿದ ಪ್ರತಿಯೊಬ್ಬರಿಗೂ ಬೇಕು.

ನಮ್ಮ ಶಾಲೆಗಳಲ್ಲಿ ಪಾಠವನ್ನು ನಡೆಸೋದು ಪ್ರಶ್ನೆಪತ್ರಿಕೆ. ಮಾರ್ಚ್ ಹತ್ತಿರ ಬಂದರೆ ‘ಪಾಸಿಂಗ್ ಪ್ಯಾಕೇಜ್’ ಕೈಗೆ ಬರುತ್ತೆ. ಇಷ್ಟು ಪ್ರಶ್ನೆ ಉರು ಹೊಡೆ, ದಡ ಸೇರು. ಫಲಿತಾಂಶ ಕುಸಿದರೆ ನೋಟಿಸ್ ಪಡೆಯುವ ಶಿಕ್ಷಕರು ಬೇರೇನು ತಾನೇ ಮಾಡಿಯಾರು? ಅತ್ತ ಸಿಬಿಎಸ್‌ಇ 2024-25ರಲ್ಲಿ 11 ಮತ್ತು 12ನೇ ತರಗತಿಗಳಿಗೆ, ಕಲಿತದ್ದನ್ನು ಹೊಸ ಸಂದರ್ಭಕ್ಕೆ ಅನ್ವಯಿಸುವ ಪ್ರಶ್ನೆಗಳ ಪಾಲನ್ನು ಶೇ 40ರಿಂದ 50ಕ್ಕೆ ಏರಿಸಿತು. ಫೀಸು ಕಟ್ಟಬಲ್ಲವರ ಮಕ್ಕಳಿಗೆ ಯೋಚಿಸುವ ಅಭ್ಯಾಸ, ಸರ್ಕಾರಿ ಶಾಲೆಯ ಮಕ್ಕಳಿಗೆ ಪಾಸಿಂಗ್ ಪ್ಯಾಕೇಜ್ ಅಂತಾದರೆ, ನೀಟ್, ಜೆಇಇಗಳ ಹೊತ್ತಿಗೆ ಅಂತರ ಎಷ್ಟಾಗುತ್ತೆ ಯೋಚಿಸಿ.

ಪಾಸ್ ಮಾರ್ಕ್ ಇಳಿಸಿದ್ದು ತಪ್ಪಲ್ಲ. ಒಂದೆರಡು ಅಂಕಕ್ಕೆ ಓದು ಬಿಡುವ ಹುಡುಗಿಗೆ ಅದು ಇನ್ನೊಂದು ಅವಕಾಶ. ಆದರೆ ಮುಂದಿನ ಹೆಜ್ಜೆ ಪ್ರಶ್ನೆಪತ್ರಿಕೆಯದ್ದಾಗಬೇಕು. ಐದರಲ್ಲಿ ಒಂದು ಪ್ರಶ್ನೆಯಾದರೂ ಉರು ಹೊಡೆದು ಬರೆಯಲಾಗದಂಥದ್ದಿರಲಿ. ಮಾದರಿಗಳನ್ನು ಎಂಟನೇ ತರಗತಿಯಿಂದಲೇ ಕೊಡಲಿ, ಅತಿಥಿ ಶಿಕ್ಷಕರನ್ನೂ ಸೇರಿಸಿ ತರಬೇತಿ ನಡೆಯಲಿ. ಮೊದಲ ವರ್ಷ ಫಲಿತಾಂಶ ಇನ್ನಷ್ಟು ಇಳಿಯಬಹುದು. ಆಗ ಗಾಬರಿಬಿದ್ದು ಮತ್ತೆ ಗ್ರೇಸ್ ಅಂಕಕ್ಕೆ ಕೈ ಹಾಕದಿರುವ ಧೈರ್ಯ ಸರ್ಕಾರಕ್ಕಿರಬೇಕು.