ಹಿಡಿಯ ಲೆಕ್ಕ, ಗ್ರಾಮಿನ ಲೆಕ್ಕ

ನಮ್ಮ ಮನೆತನದಲ್ಲಿ ಬಿ.ಎ. ತರಗತಿಗೆ ಬಂದವನು ನಾನೇ ಮೊದಲಿಗ. ಶುಲ್ಕ ತೆತ್ತದ್ದು ಕೃಷ್ಣರಾಜಪುರದಾಚೆಯ ನಮ್ಮ ಪರಂಗಿ ತೋಟ. ಹೋದ ವರ್ಷ ಕಾಯಿಗಳು ಗಂಟುಗಂಟಾಗಿ, ಪೇಟೆಯಲ್ಲಿ ಕೇಳುವವರಿಲ್ಲದಾಯಿತು. ತಂದೆಯವರು ಬುಡಕ್ಕೆ ಇನ್ನಷ್ಟು ಗೊಬ್ಬರ ಸುರಿದರು, ಫಲವಿಲ್ಲ. ಎಲೆತೊಟ್ಟನ್ನು ಪರೀಕ್ಷೆ ಮಾಡಿಸಿದಾಗ ತಿಳಿಯಿತು, ಕೊರತೆಯಾದದ್ದು ಬೋರಾನ್.

ತಜ್ಞರ ಸಲಹೆ ಸರಳ: ನೆಟ್ಟ 4ನೆಯ ಮತ್ತು 8ನೆಯ ತಿಂಗಳಲ್ಲಿ ಲೀಟರು ನೀರಿಗೆ 5 ಗ್ರಾಂ ಸತುವಿನ ಸಲ್ಫೇಟ್, 1 ಗ್ರಾಂ ಬೋರಿಕ್ ಆಮ್ಲ ಬೆರೆಸಿ ಎಲೆಗೆ ಸಿಂಪಡಿಸುವುದು. ಮಿತಿಮೀರಿದರೆ ಬೋರಾನೇ ವಿಷವಾಗಿ ಎಲೆ ಸೀದುಹೋಗುತ್ತದೆ. ಉಂಗುರಚುಕ್ಕೆಯ ನಂಜುರೋಗಕ್ಕಂತೂ ಇದು ಮದ್ದಲ್ಲ.

ತಂದೆಯವರದು ಹಿಡಿಯ ಲೆಕ್ಕ, ಶಾಸ್ತ್ರದ್ದು ಗ್ರಾಮಿನ ಲೆಕ್ಕ. ಇವೆರಡರ ನಡುವೆ ನಿಂತು ಅರ್ಥ ಹೇಳುವುದು ಓದಿದ ಮಕ್ಕಳ ಹೊಣೆ. ಮಿತ್ರರೇ, ತೋಟದ ಋಣ ಪದವಿಪತ್ರದಿಂದ ತೀರದು. ರಜೆಯಲ್ಲಿ ತಕ್ಕಡಿ ಹಿಡಿದು ತಂದೆಯ ಪಕ್ಕ ನಿಂತರೆ ಒಂದಿಷ್ಟು ತೀರೀತು.